ಮುಚ್ಚಿಡುವ ಪ್ರೀತಿ



ನಮ್ಮವರ ಕುಂದನ್ನು ಮುಚ್ಚಿಡುವುದು ಪ್ರೀತಿಯೇ? ಹೇಳಬೇಕಾದವರಿಗೆ ಹೇಳುವುದು ದ್ರೋಹವೇ? ‘ಗ್ರೇಸ್ ಅನಾಟಮಿ’ ಎಂಬ ಅಮೆರಿಕದ ಧಾರಾವಾಹಿಯ ಒಂದು ಪ್ರಸಂಗ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. 2005ರಲ್ಲಿ ಆರಂಭವಾದ ಇದು ಸಿಯಾಟಲ್ ನಗರದ ಆಸ್ಪತ್ರೆಯೊಂದರ ಶಸ್ತ್ರವೈದ್ಯರ ಕಥೆ.

ಡಾ. ಪ್ರೆಸ್ಟನ್ ಬರ್ಕ್ ಹೆಸರಾಂತ ಹೃದಯ ಶಸ್ತ್ರವೈದ್ಯ. ಕ್ರಿಸ್ಟಿನಾ ಯಾಂಗ್ ಅಲ್ಲಿಯೇ ತರಬೇತಿ ಪಡೆಯುತ್ತಿರುವ ಕಿರಿಯ ವೈದ್ಯೆ. ಇಬ್ಬರೂ ಪ್ರೀತಿಸುತ್ತಾರೆ. 2006ರ ಕಂತುಗಳಲ್ಲಿ ಬರ್ಕ್‌ಗೆ ಗುಂಡೇಟು ತಗಲುತ್ತದೆ. ಗಾಯ ಮಾಯುತ್ತದೆ, ಆದರೆ ಕೈನಡುಕ ಉಳಿಯುತ್ತದೆ. ಇದು ತಿಳಿದರೆ ಆತನ ವೃತ್ತಿಯೇ ಮುಗಿದಂತೆ! ಆದ್ದರಿಂದ ಇಬ್ಬರೂ ಗುಟ್ಟು ಮಾಡುತ್ತಾರೆ. ಶಸ್ತ್ರಚಿಕಿತ್ಸೆಯ ನಡುವೆ ಆತನ ಕೈ ನಡುಗಿದರೆ ಆಕೆಯ ಕೈ ಮುಂದುವರಿಸುತ್ತದೆ. ಮೇಜಿನ ಮೇಲೆ ಮಲಗಿರುವ ರೋಗಿಗೆ ಇದಾವುದೂ ಗೊತ್ತಿಲ್ಲ.

ಜೊತೆಯ ಕಿರಿಯ ವೈದ್ಯ ಜಾರ್ಜ್ ಓಮ್ಯಾಲಿಯ ತಂದೆಗೇ ಹೃದಯದ ಶಸ್ತ್ರಚಿಕಿತ್ಸೆ ಬೇಕಾದಾಗ ಗುಟ್ಟು ಬಿರುಕು ಬಿಡುತ್ತದೆ. ಸಂಶಯಗೊಂಡ ಜಾರ್ಜ್ ಬೇರೊಬ್ಬ ವೈದ್ಯೆಯನ್ನು ಕರೆಸುತ್ತಾನೆ. ಕೊನೆಗೆ ಕ್ರಿಸ್ಟಿನಾ ತಾನಾಗಿ ಮುಖ್ಯ ವೈದ್ಯರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ.

ಬರ್ಕ್ ಮುನಿಸಿಕೊಳ್ಳುತ್ತಾನೆ. ಒಂದೇ ಮನೆಯಲ್ಲಿದ್ದರೂ ದಿನಗಟ್ಟಲೆ ಮಾತಿಲ್ಲ. ಯಾರು ಮೊದಲು ಸೋಲುವುದು? ಇಬ್ಬರಿಗೂ ಹಟ. ಕೊನೆಗೆ ಮೊದಲು ಬಾಯಿ ಬಿಡುವವಳು ಕ್ರಿಸ್ಟಿನಾಳೇ. ಮತ್ತೊಂದು ಶಸ್ತ್ರಚಿಕಿತ್ಸೆಯಿಂದ ಆತನ ಕೈಯೂ ಸರಿಹೋಗುತ್ತದೆ. ಆದರೆ ಕಥೆ ಸುಖಾಂತವಲ್ಲ. 2007ರ ಕಂತಿನಲ್ಲಿ ಮದುವೆಯ ದಿನವೇ ಆತ ಆಕೆಯನ್ನು ಬಿಟ್ಟು ಹೋಗುತ್ತಾನೆ. ಸತ್ಯ ಹೇಳಿದವರಿಗೆ ಬಹುಮಾನ ಖಂಡಿತ ಎಂದು ಈ ಕಥೆ ಆಸೆ ತೋರಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದುದು ಒಂದು: ಇಬ್ಬರ ನಡುವಿನ ಗುಟ್ಟಿನ ಬೆಲೆ ತೆರಬೇಕಾದವನು ಮೂರನೆಯವನು. ನಮ್ಮ ಮನೆಗಳನ್ನೇ ನೋಡಿರಿ. ಕಣ್ಣು ಮಂಜಾದರೂ ಗಾಡಿ ಓಡಿಸುವ ತಂದೆಯ ವಿಷಯ ಮಗ ಮುಚ್ಚಿಡುತ್ತಾನೆ. ರಸ್ತೆಯಲ್ಲಿ ನಡೆಯುವವರ ಗತಿಯೇನು? ಗಂಡನ ಕುಡಿತವನ್ನು ಹೆಂಡತಿ ಮರೆಮಾಚುತ್ತಾಳೆ; ಮಕ್ಕಳ ಪಾಡೇನು? ಮುಚ್ಚಿಟ್ಟಷ್ಟು ದಿನ ಬರ್ಕ್‌ನ ಕೈಗೆ ಚಿಕಿತ್ಸೆಯೂ ದೊರೆಯಲಿಲ್ಲ, ಅಲ್ಲವೇ?

ಹಾಗೆಂದು ಬೀದಿಯಲ್ಲಿ ಸಾರಬೇಕಾಗಿಲ್ಲ. ಮೊದಲು ಅವರೊಡನೆ ಮಾತಾಡಿರಿ. ಕೇಳದಿದ್ದರೆ ನೆರವಾಗಬಲ್ಲವರಿಗೆ ತಿಳಿಸಿರಿ. ಬಳಿಕ ಅವರು ಮುನಿದರೂ ಬಿಟ್ಟು ಹೋಗಬೇಡಿರಿ.

ಮನೆಮಂದಿ ಕುಳಿತು ಚರ್ಚಿಸಿರಿ:
1. ನಾವು ಮುಚ್ಚಿಟ್ಟಿರುವ ಯಾವ ವಿಷಯದಿಂದ ಬೇರೆಯವರಿಗೆ ಅಪಾಯವಿದೆ?
2. ಮುನಿಸಿನ ಮನೆಯಲ್ಲಿ ಮೊದಲ ಮಾತು ಯಾರದಾಗಬೇಕು?