ಫೋನಿಗೆ ಗೊತ್ತಿಲ್ಲದ್ದನ್ನು ಮೊದಲು ಕೂಡಿಹಾಕಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಓದುತ್ತಿರುವ ಮಕ್ಕಳೇ, ನಿಮ್ಮೆಲ್ಲರಿಗೆ ಈ ಹಳೆಯ ಅಕ್ಕೋರು ನಾಲ್ಕು ಮಾತು ಹೇಳಬೇಕಾಗಿದೆ. ನಮ್ಮ ಕಾಲ ಚಲೋ ಇತ್ತು, ನಿಮ್ಮ ಕಾಲ ಕೆಟ್ಟಿತು ಎನ್ನುವ ಮಾತು ಇದಲ್ಲ. ಹಾಗೆ ಹೇಳಿದರೆ ಅದು ಸುಳ್ಳಾದೀತು.

ನಮ್ಮ ಹಿರಿಯರ ಕಾಲಕ್ಕೆ ಈ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರೆಂದರೆ ಊರಿಗೇ ದೊಡ್ಡವರು. ಎಷ್ಟೋ ಕಡೆ ಗುಡಿಯ ಕಟ್ಟೆಯೇ ಶಾಲೆ. ಪಾಟಿ, ಖಡು ಇಷ್ಟೇ ಸಾಮಾನು. ಕಾಲು, ಅರೆ, ಮುಕ್ಕಾಲರ ಮಗ್ಗಿ ಒಪ್ಪಿಸಿದ ಮೇಲೆಯೇ ಮನೆಯ ದಾರಿ. ಆ ಬಾಯಿಲೆಕ್ಕದ ಚುರುಕನ್ನು ಇಂದಿಗೂ ಹೊಗಳುತ್ತಾರೆ, ಸರಿಯೇ. ಆದರೆ ಆ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಎಷ್ಟಿದ್ದರು? ತಾಂಡಾದ ಮಕ್ಕಳು ಎಷ್ಟಿದ್ದರು? ಬರ ಬಿದ್ದ ವರ್ಷ ಪಾಟಿ ಇಟ್ಟು ದನ ಕಾಯಲು ಹೋದವರಲ್ಲಿ ಎಷ್ಟು ಜನ ತಿರುಗಿ ಬಂದರು? 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬಂತು. ಹಸಿವೆಯೂ ದೂರದ ದಾರಿಯೂ ತಡೆದಿದ್ದ ಎಷ್ಟೋ ಮಕ್ಕಳು ಹೈಸ್ಕೂಲಿನ ಬಾಗಿಲು ಕಂಡರು. ಇದನ್ನು ಮರೆತು ಹಳೆಯದನ್ನು ಹಾಡಿ ಹೊಗಳುವುದು ನ್ಯಾಯವಲ್ಲ.

ಆಮೇಲೆ ಫೋನು ಬಂತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ಅದರೊಳಗೆ ಹೊಕ್ಕಿತು. ಟಿ.ವಿ.ಯ ಚಂದನ ವಾಹಿನಿಯಲ್ಲೂ ಪಾಠಗಳು ಬಂದವು. ಆದರೆ ಮನೆಗೊಂದು ಫೋನು, ಓದುವ ಮಕ್ಕಳು ಮೂವರು. ಅದೂ ಅಪ್ಪ ಹೊಲದಿಂದ ಬಂದ ಮೇಲೆ ಸಿಗುವಂಥದ್ದು. ಆಗ ವಿದ್ಯಾಗಮ ಎಂಬ ಯೋಜನೆಯಲ್ಲಿ ಶಿಕ್ಷಕರೇ ಓಣಿಗೆ ಬಂದರು; ಗುಡಿಯ ಪೌಳಿಯಲ್ಲಿ, ಬೇವಿನ ಗಿಡದ ನೆರಳಲ್ಲಿ ಮಕ್ಕಳನ್ನು ದೂರದೂರ ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ವರ್ಷ ಒಂದು ಮಾತನ್ನು ಗಟ್ಟಿ ಮಾಡಿತು: ಪಾಠವನ್ನು ಯಂತ್ರ ಮುಟ್ಟಿಸಬಲ್ಲದು, ಮಗುವಿನ ಮುಖ ನೋಡಿ “ನಿನಗಿದು ತಿಳಿದಿಲ್ಲ, ಬಾ, ಇನ್ನೊಮ್ಮೆ ನೋಡೋಣ” ಎನ್ನುವುದಕ್ಕೆ ಮನುಷ್ಯನೇ ಬೇಕು.

ಇಂದು ಫೋನು ನಿಮ್ಮ ಕೈಯಲ್ಲೇ ಇದೆ. ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಾಗಿ ಸಿಗುತ್ತದೆ. ನನ್ನ ಚಿಂತೆ ಇರುವುದು ಅಲ್ಲಿಯೇ. ಸಿದ್ಧವಾಗಿ ಸಿಕ್ಕಿದ್ದು ಕೈಗೆ ಬರುತ್ತದೆ, ತಲೆಯಲ್ಲಿ ನಿಲ್ಲುವುದಿಲ್ಲ. ವಿದ್ಯೆ ಎಂದರೆ ಹುಡುಕಿ, ತಪ್ಪಿ, ತಿದ್ದಿ, ಕೂಡಿಹಾಕಿದ್ದು.

ಇದಕ್ಕೆ ಸಾಕ್ಷಿ ನಿಮ್ಮ ನೆಲದಲ್ಲೇ ಇದೆ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಯಿತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ತಾಳೆಗರಿಗಳಿಂದ ವಚನಗಳನ್ನು ಕೂಡಿಹಾಕಿದರು. ಅಚ್ಚು ಹಾಕಲು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ವಚನ ಇಂದು ನಿಮ್ಮ ಫೋನಿನಲ್ಲಿ ಕ್ಷಣದಲ್ಲಿ ಸಿಗುತ್ತಿದ್ದರೆ ಅದರ ಹಿಂದೆ ಅಂಥವರ ಸವೆದ ಕಾಲುಗಳಿವೆ.

ಅವರ ಕೈಯಲ್ಲಿ ಇಲ್ಲದ ಸಾಧನ ನಿಮ್ಮ ಕೈಯಲ್ಲಿದೆ. ಬರುವ ರಜೆಯಲ್ಲಿ ಅಜ್ಜಿಯ ಮುಂದೆ ಕುಳಿತು ಅವಳ ಬೀಸುವ ಪದ, ಸೋಬಾನೆ, ಒಡಪು ರೆಕಾರ್ಡ್ ಮಾಡಿಕೊಳ್ಳಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರಿನವರಾದರೆ, ಆ ಊರಿನ ಓಣಿಗಳು ಹೇಗಿದ್ದವೆಂದು ಹಿರಿಯರನ್ನು ಕೇಳಿ ಬರೆದಿಡಿ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಆ ಗಿಡವನ್ನು ಬರದಲ್ಲಿ ಹೇಗೆ ಉಳಿಸಿದರೆಂದು ನಿಮ್ಮ ಅಪ್ಪನಿಗಿಂತ ಚೆನ್ನಾಗಿ ಯಾವ ವಿಡಿಯೊ ಹೇಳೀತು? ನೀವು ಕೇಳಿ ದಾಖಲಿಸದಿದ್ದರೆ ಇದೆಲ್ಲ ಯಾವ ಯಂತ್ರಕ್ಕೂ ಎಂದೂ ಗೊತ್ತಾಗುವುದಿಲ್ಲ.

ಇನ್ನು ದಿನದ ಮಾತು. ಲೆಕ್ಕವನ್ನು ಮೊದಲು ನೀವೇ ಬಿಡಿಸಿ. ತೀರಾ ಬಗೆಹರಿಯದಿದ್ದರೆ ಆಗ ವಿಡಿಯೊ ನೋಡಿ. ದಿನಕ್ಕೊಂದು ಪುಟ ಕೈಯಾರೆ ಬರೆಯಿರಿ, ಒಂದು ಪುಟ ಗಟ್ಟಿಯಾಗಿ ಓದಿ. ಸಂಜೆ ಬಯಲಿಗೆ ಹೋಗಿ ಲಗೋರಿಯೋ ಕಬಡ್ಡಿಯೋ ಆಡಿ. ಸೋತು ನಗುವುದನ್ನು ಕಲಿಯುವ ಜಾಗ ಅದು. ಅಪ್ಪ ಅವ್ವ ಗೋವಾಕ್ಕೋ ಕಬ್ಬು ಕಡಿಯಲಿಕ್ಕೋ ದುಡಿಯಲು ಹೋಗಿದ್ದರೆ, ಅವರ ಮುಖ ತೋರಿಸುವ ಆ ಫೋನು ದೊಡ್ಡ ಆಸರೆ. ಅವರ ಕರೆಯನ್ನು ಆಟದ ನಡುವೆ ಕಡಿಯಬೇಡಿ.

ಗಂಡುಮಕ್ಕಳಿಗೆ ಒಂದು ಮಾತು. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಮೊದಲು ನಿಮ್ಮ ಕೈಗೆ ಬರುತ್ತದೆ. ಅಕ್ಕನ ಸರದಿ ಬರುವ ಹೊತ್ತಿಗೆ ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ. ನೀವೇ ಎದ್ದು ನೀರು ತನ್ನಿ, ಪಾತ್ರೆ ತೊಳೆಯಿರಿ, ಅವಳಿಗೆ ಓದಲು ಬಿಡಿ. ಅಕ್ಕ ಓದಿದ ಮನೆಯಲ್ಲಿ ತಮ್ಮನ ಓದೂ ಸುಧಾರಿಸುತ್ತದೆ.

ಹೊಸ ಸಾಧನಕ್ಕೆ ಹೆದರಬೇಡಿ, ಅದರ ಆಳಾಗಲೂಬೇಡಿ. ಬೆರಳ ತುದಿಗೆ ಬಂದದ್ದನ್ನೆಲ್ಲ ಉಣ್ಣುತ್ತ ಕೂರಬೇಡಿ. ನಿಮ್ಮ ಊರಿನದೊಂದಿಷ್ಟನ್ನು ಜಗತ್ತಿಗೆ ಬಡಿಸುವಂತಾಗಿ. ಈ ವಾರವೇ ಒಬ್ಬ ಹಿರಿಯರ ಹತ್ತಿರ ಕುಳಿತು ಶುರು ಮಾಡಿ.