ಕೇಳುವವನ ಮಾತು ಕೇಳುವವರು ಯಾರು?

ವಿಮೋಚನಕಾಂಡ 18ನೇ ಅಧ್ಯಾಯ ತೆಗೆಯಿರಿ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಮೋಶೆ ಜನರ ವ್ಯಾಜ್ಯ ಕೇಳುತ್ತಾ ಕೂತಿದ್ದಾನೆ. ಮಾವ ಇತ್ರೋನ ಅದನ್ನು ನೋಡಿದ. ಹೀಗೇ ಮಾಡಿದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ ಅಂತ ಎಚ್ಚರಿಸಿದ. ಗಮನಿಸಿ, ಇತ್ರೋನ ತಾನೇ ನ್ಯಾಯ ತೀರಿಸಲು ಕೂರಲಿಲ್ಲ, ಮೋಶೆಯ ಕೆಲಸವನ್ನು ನೋಡಿ ತಿದ್ದಿದ. ಆಪ್ತಸಮಾಲೋಚನೆಯಲ್ಲಿ ಇದಕ್ಕೆ ಸೂಪರ್‌ವಿಷನ್ ಅಂತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಯುವವರು ತಾವು ನೋಡಿದ ಕೇಸನ್ನು ಹಿರಿಯರ ಮುಂದಿಟ್ಟು, ಏನು ಕೇಳಿದೆ, ಏನು ಹೇಳಿದೆ ಅಂತ ವಿವರಿಸಬೇಕು.

ನಮ್ಮಲ್ಲಿ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆ ಕಳಕೊಂಡವರ ಗೋಳು ಕೇಳಲು ಎಷ್ಟೋ ಮಂದಿ ಪರಿಹಾರ ಕೇಂದ್ರಗಳಿಗೆ ಹೋದರು. ಕೇಳಿ ಬಂದವರನ್ನು ಕೂರಿಸಿ ಕೇಳಿದವರು ಎಷ್ಟು ಮಂದಿ? ತೋಟದ ಲೈನ್ ಮನೆಗಳಲ್ಲಿ ಕುಡಿತ, ಹೊಡೆತದ ಸಂಗತಿ ಕೇಳಿ ಬರುವ ಸಹೋದರಿಯರೂ ಒಬ್ಬರೇ ಹೊರುತ್ತಾರೆ. ಹೊರಲಾಗದೆ ಕಡೆಗೆ ‘ಪ್ರಾರ್ಥನಾ ವಿಷಯ’ ಅಂತ ಕೂಟದಲ್ಲಿ ಹೇಳಿಬಿಡ್ತಾರೆ. ಸಂಜೆಯೊಳಗೆ ಇಡೀ ತೋಟಕ್ಕೆ ಗೊತ್ತು! ಪ್ರಿಯರೇ, ಅದು ಚಾಡಿ.

ಆದ್ದರಿಂದ ಸಭೆಯಲ್ಲಿ ಸಮಾಲೋಚನೆ ಮಾಡುವವರು ಹದಿನೈದು ದಿನಕ್ಕೊಮ್ಮೆಯಾದರೂ ತರಬೇತಿ ಪಡೆದ ಹಿರಿಯರೊಬ್ಬರ ಬಳಿ ಕೂರಬೇಕು. ಅವರು ನಮ್ಮ ಸಭೆಯವರಲ್ಲದಿದ್ದರೆ ಇನ್ನೂ ಒಳ್ಳೇದು, ಇತ್ರೋನನೂ ಮಿದ್ಯಾನಿನವನೇ. ಕೇಸು ಹೇಳುವಾಗ ಹೆಸರು, ಊರು ಬೇಡ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಗುಟ್ಟು ಅಂತ ಇಟ್ಟುಕೊಳ್ಳುವ ಹಾಗಿಲ್ಲ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರಾದರೂ ಸಾಯುವ ಮಾತಾಡಿದರೆ ಪ್ರಾರ್ಥಿಸಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಆಗಲೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.