ಕತ್ತಿನ ಗಂಟಿಗೆ ಸೂಜಿ ಪರೀಕ್ಷೆ: ಮನೆಯಲ್ಲಿ ಆರೈಕೆ

ಕತ್ತಿನಲ್ಲಿ ಏಳುವ ಗಂಟುಗಳನ್ನು ಆಯುರ್ವೇದವು ಗಲಗಂಡ, ಗಂಡಮಾಲೆ, ಗ್ರಂಥಿ, ಅರ್ಬುದವೆಂದು ಬೇರೆ ಬೇರೆಯಾಗಿ ವಿವರಿಸಿದೆ. ಥೈರಾಯ್ಡ್ ಗಂಟು, ಕ್ಷಯದಿಂದ ಊದಿದ ದುಗ್ಧರಸ ಗ್ರಂಥಿ, ಕ್ಯಾನ್ಸರ್ ಗಡ್ಡೆ ಇವು ಹೊರನೋಟಕ್ಕೆ ಒಂದೇ ತೆರನಾಗಿ ತೋರಬಹುದು. ರೋಗವಾವುದೆಂದು ಅರಿಯದೆ ಔಷಧಿ ಕೊಡುವುದು ವೈದ್ಯಧರ್ಮವಲ್ಲ. ಆದುದರಿಂದಲೇ ತೆಳುವಾದ ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ ಪರೀಕ್ಷಿಸುವ ಎಫ್.ಎನ್.ಎ.ಸಿ. ಪರೀಕ್ಷೆಯನ್ನು ನಾವೂ ಸೂಚಿಸುತ್ತೇವೆ. ಸೂಜಿ ತಾಗಿದರೆ ಗಂಟು ಕೆರಳಿ ಕ್ಯಾನ್ಸರ್ ಹಬ್ಬುವುದೆಂಬ ಭಯ ಅನೇಕರಲ್ಲಿದೆ. ಹಾಗಾಗುವುದು ಅತಿ ವಿರಳ. ಪರೀಕ್ಷೆಯನ್ನು ಮುಂದೂಡುವುದರಿಂದಾಗುವ ಹಾನಿಯೇ ಹೆಚ್ಚು.

ಮೊದಲ ದಿನ: ಪರೀಕ್ಷೆ ಮುಗಿದ ದಿನವೇ ಮನೆಗೆ ಮರಳಬಹುದು. ಅಂದು ಭಾರ ಎತ್ತುವುದು, ಹೊಲಗೆಲಸ, ವ್ಯಾಯಾಮ ಬೇಡ. ರಾತ್ರಿ ತಲೆಯನ್ನು ತುಸು ಎತ್ತರದಲ್ಲಿಟ್ಟು ಮಲಗಬೇಕು. ನೋವಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಬಹುದು. ನೋವಿನ ಮಾತ್ರೆಯಾಗಿ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು; ಅವನ್ನು ತಾವಾಗಿ ನುಂಗಬಾರದು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸಲೂಬಾರದು. ನಾಟಿ ಔಷಧಿ, ಕಷಾಯ, ಗುಗ್ಗುಳು ಸೇವಿಸುತ್ತಿದ್ದರೆ ಪರೀಕ್ಷೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು.

ಆಹಾರ: ಪಥ್ಯವೇನೂ ಇಲ್ಲ. ನುಂಗುವಾಗ ನೋವೆನಿಸಿದರೆ ಒಂದೆರಡು ದಿನ ರಾಗಿ ಗಂಜಿ, ಮೆತ್ತನೆಯ ಅನ್ನ, ಹೆಸರುಬೇಳೆಯ ಕಟ್ಟು ಹಿತಕರ.

ಮಾಡಬಾರದವು: ಸೂಜಿ ಚುಚ್ಚಿದ ಜಾಗಕ್ಕೆ ಅರಿಸಿನ, ಸುಣ್ಣ, ಸೊಪ್ಪಿನ ರಸ ಹಚ್ಚಬಾರದು. ಕತ್ತಿಗೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಗಂಟನ್ನು ಪದೇ ಪದೇ ಒತ್ತಿ ನೋಡುವುದು ಸಲ್ಲದು. ಇಷ್ಟಲಿಂಗಧಾರಿಗಳು ಶಿವದಾರ ಆ ಜಾಗಕ್ಕೆ ಉಜ್ಜದಂತೆ ಸರಿಪಡಿಸಿಕೊಳ್ಳಬೇಕು. ಪೂಜೆಗೆ ಯಾವ ಅಡ್ಡಿಯೂ ಇಲ್ಲ.

ಕೂಡಲೇ ಆಸ್ಪತ್ರೆಗೆ: ಸಣ್ಣ ಊತ, ನೀಲಿಗಟ್ಟುವಿಕೆ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕತ್ತು ಬೇಗ ಬೇಗನೆ ಊದತೊಡಗಿದರೆ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ, ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ರಾತ್ರಿಯೆಂದು ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಜ್ವರ, ಕೀವು, ಹರಡುವ ಕೆಂಪು, ಧ್ವನಿಯ ಬದಲಾವಣೆ ಕಂಡರೂ ವೈದ್ಯರಿಗೆ ತೋರಿಸಬೇಕು.

ವರದಿ: ನೋವು ಮಾಯವಾದೊಡನೆ ವರದಿಯನ್ನೇ ಮರೆಯುವವರುಂಟು. ಪರೀಕ್ಷೆಯ ಫಲವಿರುವುದು ಆ ಕಾಗದದಲ್ಲಿ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಕ್ಷಯವೆಂದು ತಿಳಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯುಂಟು. ಪೂರ್ಣಾವಧಿ ಔಷಧಿ ಸೇವಿಸಿದರೆ ಬಹುತೇಕ ಗುಣವಾಗುತ್ತದೆ. ‘ಜೀವಕೋಶಗಳು ಸಾಲವು’ ಎಂದು ವರದಿ ಬಂದರೆ ರೋಗವಿಲ್ಲವೆಂದು ಅರ್ಥವಲ್ಲ, ಪರೀಕ್ಷೆಯನ್ನು ಮತ್ತೆ ಮಾಡಿಸಬೇಕೆಂದು ಅರ್ಥ. ವರದಿ ನಿರಪಾಯವೆಂದು ಬಂದ ಮೇಲೂ ಗಂಟು ಬೆಳೆಯುತ್ತಿದ್ದರೆ ಪುನಃ ತೋರಿಸಬೇಕು. ಭಕ್ತರು ಈ ವಿಷಯದಲ್ಲಿ ಸಂಕೋಚವನ್ನೂ ಉದಾಸೀನವನ್ನೂ ಬಿಡಬೇಕೆಂದು ನಾವು ಕೋರುತ್ತೇವೆ.